‘ನಂಬರ್ ಇಲ್ಲ’ ಎಂದು ನಾನು ಹೇಳಿದ ದಿನ

ಮೊಬೈಲ್ ಫೋನು ನಮ್ಮ ಸಿಂಧನೂರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಹತ್ತನೇ ತರಗತಿಯ ಫಲಿತಾಂಶ ನೋಡಲು ಅವರಪ್ಪನ ಫೋನ್ ಹಿಡಿದುಕೊಂಡು ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬೆಂಕಿಪೊಟ್ಟಣದಷ್ಟು ಪರದೆ. ಒಂದು ಅಕ್ಷರ ಮೂಡಿಸಲು ಒಂದೇ ಗುಂಡಿಯನ್ನು ಮೂರು ಸಲ ಒತ್ತಬೇಕು. ಅವಳು ಒತ್ತಿದಳು, ಕಾದಳು, ಸಿಗ್ನಲ್ ಹೋಯಿತೆಂದು ಎದ್ದು ಬೇವಿನ ಗಿಡದ ಕೆಳಗೆ ಹೋಗಿ ಫೋನ್ ಎತ್ತಿ ಹಿಡಿದಳು, ಮತ್ತೆ ಬಂದು ಕೂತಳು. ಪರದೆಯ ಮೇಲೆ ಸಣ್ಣ ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿ ತೆವಳಿ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಈ ನಂಬರ್ ಸಿಗಲಿಲ್ಲ ಅಂತ.

ಹುಡುಗಿಯ ಮುಖ ಸುಣ್ಣದ ಹಾಗೆ ಬಿಳಿಚಿತು. ನಾನು ಫೋನ್ ಕಸಿದುಕೊಂಡು ನೋಡಿ ಅವಳ ಕೈಗೇ ತಿರುಗಿ ಇಟ್ಟೆ.

“ಏ ಹುಚ್ಚಿ, ಸಿಗಲಿಲ್ಲ ಅಂದ್ರ ಈ ಡಬ್ಬಿಗೆ ಸಿಗಲಿಲ್ಲ. ನೀ ನಪಾಸ್ ಅಂತ ಎಲ್ಲಿ ಬರದೈತಿ? ಇನ್ನೊಮ್ಮೆ ಒತ್ತು.”

ಮೂರನೇ ಸಲಕ್ಕೆ ಹೆಸರು ಬಂತು, ಅಂಕ ಬಂತು, ಪಾಸ್ ಅಂತ ಬಂತು. ಅವಳು ಕುಣಿಯುತ್ತ ಓಡಿದಳು. ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಗೋಡೆಗೆ ಒರಗಿ ಕೂತೆ. ಎಷ್ಟೋ ವರ್ಷಗಳ ಹಿಂದೆ ನಾನೇ ಇನ್ನೊಂದು ಹುಡುಗಿಯ ನಂಬರ್ ಇಲ್ಲ ಎಂದು ಹೇಳಿದ್ದೆ. ಇನ್ನೊಮ್ಮೆ ನೋಡುತ್ತೇನೆ ತಡೆಯಿರಿ ಎಂದು ಹೇಳಿರಲಿಲ್ಲ. ಇದನ್ನೆಲ್ಲ ಬರೆಯಲು ಕೂತದ್ದೇ ಅದನ್ನು ಹೇಳಿ ಮುಗಿಸಬೇಕು ಎಂಬ ಕಾರಣಕ್ಕೆ.

ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಜನರ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಮಕ್ಕಳು ಇದನ್ನು ಓದಲಿ ಎಂದು ನನ್ನಾಸೆ. ನೀವು ಹುಟ್ಟುವ ಮೊದಲೇ ನಮ್ಮ ಕಡೆ ಜನ ಕೂತಲ್ಲಿಂದಲೇ ಎಲ್ಲವನ್ನೂ ಹುಡುಕಿ ನೋಡುತ್ತಿದ್ದರು. ಬಸ್ಸು ಹೊರಟಿತೇ, ಡಾಕ್ಟರು ಊರಲ್ಲಿದ್ದಾರೆಯೇ, ಕಾಲುವೆಗೆ ನೀರು ಯಾವಾಗ, ರಾಯಚೂರಿನಲ್ಲಿ ಹತ್ತಿಯ ಧಾರಣೆ ಏನು, ಎಲ್ಲವೂ ಒಂದೇ ಕಡೆ ಸಿಗುತ್ತಿತ್ತು. ಅವರು ಹುಡುಕುತ್ತಿದ್ದದ್ದು ನನ್ನಲ್ಲಿ. ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಮೊದಲು ಲಿಂಗಸುಗೂರು, ಆಮೇಲೆ ಮಸ್ಕಿ, ಆಮೇಲೆ ಸಿಂಧನೂರು. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದದ್ದು ಎರಡು, ಎರಡೂ ತಡವಾಗಿ.

ನಮ್ಮದು ಮುದಗಲ್. ಕೋಟೆಯ ಒಳಗೆ ಅಪ್ಪನದೊಂದು ಕಿರಾಣಿ ಅಂಗಡಿ. ಹಣೆಗೆ ವಿಭೂತಿ ಹಚ್ಚದೆ ಬಾಗಿಲು ತೆರೆಯದ ಮನುಷ್ಯ. ಎಂಬತ್ತರ ದಶಕದ ಮೊದಲಲ್ಲಿ ನನಗೆ ಕೆಲಸದ ಕಾಗದ ಬಂದಾಗ ಮನೆಯಲ್ಲಿ ದೊಡ್ಡ ತಕರಾರು ನಡೆಯಿತು. ಹೆಣ್ಣುಮಗಳು ಇಡೀ ದಿನ ಗಂಡಸರ ಜೊತೆ ಮಾತಾಡುವ ನೌಕರಿ ಎಂಥದ್ದು ಎಂದು ದೊಡ್ಡಪ್ಪ ಕೂಗಾಡಿದರು. ಅಪ್ಪ ತಕ್ಕಡಿ ಒರೆಸುತ್ತ, “ಮಾತಾಡ್ತಾಳ, ಕಾಣ್ಸೋದಿಲ್ಲಲ್ಲ. ಹೋಗಲಿ ಬಿಡು” ಅಂದರು. ಮರುದಿನದಿಂದ ನಾನು ಮುದಗಲ್–ಲಿಂಗಸುಗೂರು ಬಸ್ಸಿನ ಮುಂದಿನ ಸೀಟಿನ ಕಾಯಂ ಪ್ರಯಾಣಿಕಳಾದೆ.

ಆಗಿನ ಎಕ್ಸ್‌ಚೇಂಜ್ ಎಂದರೆ ಗೋಡೆಗೆ ಆನಿಸಿಟ್ಟ ಮರದ ಕಪಾಟಿನಂಥ ಬೋರ್ಡು. ಅದರಲ್ಲಿ ಸಾಲು ಸಾಲು ತೂತುಗಳು. ಒಂದೊಂದು ತೂತು ಊರಿನ ಒಂದೊಂದು ಫೋನು. ಯಾರಾದರೂ ಮನೆಯಲ್ಲಿ ಹಿಡಿಕೆ ತಿರುಗಿಸಿದರೆ ಅವರ ತೂತಿನ ಮೇಲಿನ ಸಣ್ಣ ತಗಡಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ಆ ತೂತಿಗೆ ಒಂದು ವೈರು ಸಿಕ್ಕಿಸಿ “ನಂಬರ್ ಪ್ಲೀಸ್” ಅನ್ನಬೇಕು. ಅವರು ನಂಬರ್ ಹೇಳಬೇಕು. ಯಾರೂ ಹೇಳುತ್ತಿರಲಿಲ್ಲ. “ಅಕ್ಕೋರ, ನಮ್ಮ ಮಾವಗ ಕೊಡ್ರಿ” ಅನ್ನುತ್ತಿದ್ದರು. ಯಾರ ಮಾವ ಯಾರು ಎಂಬುದು ನನಗೆ ಗೊತ್ತಿರಲೇಬೇಕಿತ್ತು. ಮೂರು ತಿಂಗಳಲ್ಲಿ ಗೊತ್ತೂ ಆಯಿತು.

ಲಿಂಗಸುಗೂರಿನಲ್ಲಿ ಕೆಲಸ ಕಲಿಯುವಾಗ ಮಾಡಿದ ಒಂದು ತಪ್ಪನ್ನು ಹೇಳಲು ನನಗೆ ಈಗಲೂ ಖುಷಿ. ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಒಬ್ಬರದು ರೈತರ ಕಾಳು ಮಾರಿಕೊಡುವ ಅಡತಿ, ಇನ್ನೊಬ್ಬರದು ಸೈಕಲ್ ಅಂಗಡಿ. ಮನೆಯ ನಡುವೆ ಗೋಡೆ ಎದ್ದ ದಿನದಿಂದ ಮಾತು ಬಿಟ್ಟಿದ್ದರು. ಇಬ್ಬರ ತೂತುಗಳೂ ಬೋರ್ಡಿನಲ್ಲಿ ಅಕ್ಕಪಕ್ಕ. ಒಂದು ದಿನ ಇಬ್ಬರಿಗೂ ಒಟ್ಟಿಗೆ ಬೇರೆ ಬೇರೆ ಕಡೆಯ ಕರೆ ಕೊಡಬೇಕಾಗಿ ಬಂದು, ಗಡಿಬಿಡಿಯಲ್ಲಿ ಒಬ್ಬರ ವೈರನ್ನು ಇನ್ನೊಬ್ಬರಿಗೆ ಸಿಕ್ಕಿಸಿ ಗಂಟೆ ಹೊಡೆದುಬಿಟ್ಟೆ. ತಪ್ಪು ತಿಳಿದು, ಮಾತು ಕೇಳಿಸುವ ಕೀಲಿ ಎತ್ತಿದಾಗ ದೊಡ್ಡವರು “ಹಲೋ... ಹೇಳಪಾ, ಆರಾಮ ಅದೀಯೇನು?” ಅನ್ನುತ್ತಿದ್ದರು. ಸಣ್ಣವರು “ಹ್ಞೂಂ ಅಣ್ಣಾ, ಆರಾಮ. ನೀ ಹೆಂಗಿದಿ?” ಅಂದರು. ತಾನು ಮೊದಲು ಫೋನ್ ಮಾಡಲಿಲ್ಲ, ಅವನೇ ಮಾಡಿದ ಎಂದು ಇಬ್ಬರೂ ತಿಳಿದುಕೊಂಡಿದ್ದರು. ನಾನು ಉಸಿರು ಬಿಗಿಹಿಡಿದು ವೈರು ಮುಟ್ಟದೆ ಕೂತೆ. ಯುಗಾದಿಗೆ ಎರಡೂ ಮನೆಯವರು ಒಟ್ಟಿಗೆ ಕೂತು ಊಟ ಮಾಡಿದರಂತೆ. ನಿಜ ಹೇಳಲು ನಾನೇನು ಹುಚ್ಚಿಯಲ್ಲ.

ಮಸ್ಕಿಗೆ ವರ್ಗವಾದಾಗ ಎಕ್ಸ್‌ಚೇಂಜ್ ಇನ್ನೂ ಸಣ್ಣದಾಯಿತು. ಒಂದೇ ಕೋಣೆ, ಒಂದೇ ಕಿಟಕಿ. ಆ ಕಿಟಕಿಯಿಂದ ನೋಡಿದರೆ ಬಸ್ಸುಗಳು ನಿಲ್ಲುವ ಜಾಗ. ಸಂತೆಕಲ್ಲೂರಿನ ಅಂಚೆ ಕಚೇರಿಯಿಂದ ಕರೆ ಬರುತ್ತಿತ್ತು. “ಅಕ್ಕೋರ, ಮುದಗಲ್ ಬಸ್ಸು ಅಲ್ಲಿಂದ ಬಿಟ್ಟೈತೇನ್ರಿ?” ನಾನು ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿ, “ಡ್ರೈವರ್ ಚಾ ಕುಡ್ಯಾಕತ್ತಾನ. ನೀವು ಉಂಡು ಬರ್ರಿ, ಇನ್ನೂ ಟೈಮ್ ಐತಿ” ಅನ್ನುತ್ತಿದ್ದೆ. ಅಲ್ಲಿ ಏಳೆಂಟು ಜನ ಬಿಸಿಲಿಗೆ ನಿಲ್ಲುವುದು ತಪ್ಪುತ್ತಿತ್ತು. ಇಲಾಖೆಯ ಯಾವ ಪುಸ್ತಕದಲ್ಲೂ ಈ ಕೆಲಸ ಬರೆದಿರಲಿಲ್ಲ. ಆದರೆ ಡ್ಯೂಟಿ ಮುಗಿಸಿ ಹೊರಗೆ ಬಂದರೆ ಅದೇ ಬಸ್ಸಿನಲ್ಲಿ ಬಂದ ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತೊಗರಿ ಕಾಯಿಯನ್ನು ನನ್ನ ಕೈಗೆ ಸುರಿದು, ಫೋನಿನ ಅಕ್ಕೋರು ಹೀಗಿದ್ದಾರಾ ಎಂದು ಬೆರಗಾಗಿ ನೋಡುತ್ತಿದ್ದರು.

ಅಲ್ಲಿಂದಲೇ ನನ್ನ ನೋಟ್‌ಬುಕ್ ಶುರುವಾಯಿತು. ಯಾರಾದರೂ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ವಿಚಾರಿಸಿ ತಿಳಿದು ಬರೆದಿಡುತ್ತಿದ್ದೆ. ದನದ ಡಾಕ್ಟರು ಯಾವ ವಾರ ಯಾವ ಊರಿಗೆ, ರಾಯಚೂರಿನಿಂದ ಯಾವ ರೈಲು ಎಷ್ಟು ಹೊತ್ತಿಗೆ, ಬೀಜದ ಅಂಗಡಿ ಯಾವತ್ತು ರಜೆ. ಸಿಂಧನೂರಿಗೆ ಬರುವಷ್ಟರಲ್ಲಿ ಆ ನೋಟ್‌ಬುಕ್ ದಪ್ಪಗಾಗಿತ್ತು, ನನ್ನ ಜಂಬವೂ ದಪ್ಪಗಾಗಿತ್ತು.

ಸಿಂಧನೂರು ಬೇರೆಯೇ ಲೋಕ. ಕಾಲುವೆ ನೀರು ಬಂದ ಮೇಲೆ ಭತ್ತ, ಭತ್ತದ ಹಿಂದೆ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಲಾರಿ, ಎಲ್ಲರಿಗೂ ಫೋನು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ತೆಲುಗಿನಲ್ಲಿ ಕರೆ ಬುಕ್ ಮಾಡುತ್ತಿದ್ದರು, ಅಡತಿ ಅಂಗಡಿಯವರು ಉರ್ದು ಬೆರೆಸುತ್ತಿದ್ದರು, ನಾನು ಮೂರನ್ನೂ ಕಲಸಿ ಉತ್ತರ ಕೊಡುತ್ತಿದ್ದೆ. ಊರಿಂದ ಹೊರಗೆ ಹೋಗಲು ಇದ್ದದ್ದು ಎರಡೇ ಟ್ರಂಕ್ ಲೈನು. ಅವುಗಳಿಗಾಗಿ ಇಡೀ ಊರು ಜಗಳಾಡುತ್ತಿತ್ತು.

ಅಲ್ಲಿ ನನ್ನ ಮೇಲಿನವರು ಖಾದರ್ ಸಾಹೇಬರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಹಿಂದೆ ಪೆನ್ಸಿಲು. ನಿಜಾಮರ ಕಾಲದ ತಂತಿ ಕಚೇರಿಯಲ್ಲಿ ಅವರಪ್ಪ ದುಡಿದವರು, ಆ ಶಿಸ್ತು ಮಗನಿಗೂ ಬಂದಿತ್ತು. ನನ್ನ ನೋಟ್‌ಬುಕ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ನೋಡು ಬೇಟಿ, ನಮ್ಮ ಕೆಲಸ ಇವರ ಮಾತು ಅವರಿಗೆ ಮುಟ್ಟಿಸೋದು. ನಾವೇ ಮಾತು ಹೇಳೋದಲ್ಲ. ನಾಳೆ ಒಂದು ಗಲತ್ ಆತು ಅಂದ್ರ ಯಾರು ಜವಾಬು?”

“ಇಲ್ಲಿತನ ಒಂದೂ ಗಲತ್ ಆಗಿಲ್ಲಲ್ರೀ ಸಾಹೇಬ್ರ” ಎಂದು ನಾನು ಎದುರು ಮಾತಾಡುತ್ತಿದ್ದೆ. ಅವರು ಪೆನ್ಸಿಲು ತೆಗೆದು ತಲೆ ಕೆರೆದುಕೊಂಡು ಒಳಗೆ ಹೋಗುತ್ತಿದ್ದರು. ಬಯ್ದರೂ ನೋಟ್‌ಬುಕ್ ಕಸಿಯಲಿಲ್ಲ. ಅವರ ಮನೆಯವರೇ ಹೈದರಾಬಾದ್ ಬಸ್ಸಿನ ಸಮಯ ಕೇಳಲು ನನಗೆ ಫೋನ್ ಮಾಡುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ ನನಗೆ ತಿಳಿಯದು.

ತೊಂಬತ್ತರ ದಶಕದಲ್ಲಿ ಯಂತ್ರ ಬಂತು. ಜನ ತಾವೇ ನಂಬರ್ ತಿರುಗಿಸತೊಡಗಿದರು. ಮೂಲೆ ಮೂಲೆಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ನನ್ನ ಮರದ ಬೋರ್ಡನ್ನು ನಾಲ್ವರು ಹೊತ್ತುಕೊಂಡು ಹೋಗಿ ಗೋದಾಮಿಗೆ ಹಾಕಿದ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ನೋಡಲು ಮನಸ್ಸಾಗಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ತಪಾಸಣೆಗೆ ಬಂದ ಎಂಜಿನಿಯರ್ ಒಬ್ಬರು ಜೇಬಿನಿಂದ ಮೊಬೈಲ್ ತೆಗೆದು, ಇದರಲ್ಲಿ ಇಂಟರ್‌ನೆಟ್ ಬರುತ್ತದೆ, ಕ್ರಿಕೆಟ್ ಸ್ಕೋರು, ಹವಾಮಾನ, ರೈಲು ಎಲ್ಲ ನೋಡಬಹುದು ಅಂದರು. ಸಿಂಧನೂರಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಆದರೂ ನಮ್ಮನ್ನೆಲ್ಲ ಮಾಳಿಗೆ ಹತ್ತಿಸಿ ಆ ಡಬ್ಬಿಯನ್ನು ನಾಲ್ಕೂ ದಿಕ್ಕಿಗೆ ಹಿಡಿದರು. ಏನೂ ಬರಲಿಲ್ಲ. ಕೆಳಗಿಳಿಯುವಾಗ ಅವರು, “ಸಂಜೆ ರೈಲಿಗೆ ರಾಯಚೂರಿನಿಂದ ಹೋಗಬೇಕಿತ್ತು, ಸಮಯ ನೋಡಿ ಹೇಳುವವರು ಯಾರಿದ್ದಾರೆ?” ಅಂದರು. ನಾನು ನಿಂತಲ್ಲೇ ಹೇಳಿದೆ. ಸಹೋದ್ಯೋಗಿಗಳೆಲ್ಲ ಬಾಯಿಗೆ ಕೈ ಹಿಡಿದು ನಕ್ಕರು, ಕೊನೆಗೆ ಎಂಜಿನಿಯರ್ ಕೂಡ ನಕ್ಕರು.

ಇಷ್ಟು ಹೊತ್ತು ನನ್ನ ಜಾಣತನ ಕೊಚ್ಚಿಕೊಂಡೆ. ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಇದು ಮರದ ಬೋರ್ಡಿನ ಕಾಲದ್ದೇ, ಎಂಬತ್ತರ ದಶಕದ ಒಂದು ಮೇ ತಿಂಗಳಿನದು.

ಎಸ್ಸೆಸ್ಸೆಲ್ಸಿ ಫಲಿತಾಂಶ ಆಗ ಪತ್ರಿಕೆಯಲ್ಲಿ ಬರುತ್ತಿತ್ತು. ಬರೀ ನಂಬರುಗಳು, ಇರುವೆ ಸಾಲಿನ ಹಾಗೆ. ಒಂದೊಂದು ಪರೀಕ್ಷಾ ಕೇಂದ್ರಕ್ಕೂ ಫಸ್ಟ್ ಕ್ಲಾಸಿನವರದು ಮೊದಲು, ಆಮೇಲೆ ಸೆಕೆಂಡ್, ಕೊನೆಗೆ ಸುಮ್ಮನೆ ಪಾಸಾದವರದು. ನಪಾಸಾದವರ ಪಟ್ಟಿ ಎಲ್ಲೂ ಅಚ್ಚಾಗುತ್ತಿರಲಿಲ್ಲ. ನಂಬರ್ ಕಾಣಿಸದಿದ್ದರೆ ನಪಾಸು, ಅಷ್ಟೇ. ಆ ಪತ್ರಿಕೆ ರಾಯಚೂರಿಗೆ ಬೆಳಗಿನ ರೈಲಿಗೆ ಬಂದರೆ, ಬಸ್ಸಿನಲ್ಲಿ ಸಿಂಧನೂರಿಗೆ ಮುಟ್ಟುವಾಗ ಮಧ್ಯಾಹ್ನ. ಅಷ್ಟು ಹೊತ್ತು ಕಾಯಲು ಯಾರಿಗೂ ಆಗುತ್ತಿರಲಿಲ್ಲ. ಅದಕ್ಕೆ ನಾನೊಂದು ದಾರಿ ಹುಡುಕಿದ್ದೆ. ರಾಯಚೂರಿನ ಬೋರ್ಡಿನಲ್ಲಿ ವಿಮಲಾ ಎಂಬ ಆಪರೇಟರ್ ಇದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಆದರೆ ಅವಳ ಅತ್ತೆಯ ಮಂಡಿನೋವಿನ ತನಕ ನನಗೆ ಎಲ್ಲ ಗೊತ್ತಿತ್ತು. ಫಲಿತಾಂಶದ ದಿನ ಬೆಳಗ್ಗೆ ಲೈನು ಖಾಲಿ ಇದ್ದಾಗ ಅವಳು ಪತ್ರಿಕೆ ನೋಡಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕೇಂದ್ರಗಳ ನಂಬರುಗಳನ್ನು ಓದಬೇಕು, ನಾನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಬೇಕು. ಒಂದು ಕೇಂದ್ರ ಮುಗಿದರೆ ಅಡಿಯಲ್ಲಿ ಒಂದು ಗೆರೆ ಎಳೆಯುವುದು ನನ್ನ ರೂಢಿ. ಮಧ್ಯಾಹ್ನ ಪತ್ರಿಕೆ ಬಂದ ಮೇಲೆ ಒಂದೊಂದೇ ನಂಬರ್ ತಾಳೆ ನೋಡಿ ಖಾದರ್ ಸಾಹೇಬರಿಗೆ ತೋರಿಸಿ, “ಎಲ್ಲ ಬರೋಬ್ಬರಿ ಅದಾವ ನೋಡ್ರಿ” ಅನ್ನುವುದು ಇನ್ನೊಂದು ರೂಢಿ.

ಆ ವರ್ಷ ವಿಮಲಾ ಸಿಂಧನೂರಿನ ಪಟ್ಟಿ ಓದುತ್ತಿದ್ದಳು. ಫಸ್ಟ್ ಕ್ಲಾಸ್ ಮುಗಿಯಿತು, ಸೆಕೆಂಡ್ ಮುಗಿಯಿತು, ಉಳಿದವರದು ನಡೆದಿತ್ತು. ಅಷ್ಟರಲ್ಲಿ ಅಕ್ಕಿ ಗಿರಣಿಯವರೊಬ್ಬರ ಅರ್ಜೆಂಟ್ ಕಾಲ್ ಬಂತು. ಅರ್ಜೆಂಟ್ ಎಂದರೆ ಲೈನು ಬಿಡಲೇಬೇಕು. ಬಿಟ್ಟೆ. ಮತ್ತೆ ಲೈನು ಸಿಕ್ಕಾಗ ವಿಮಲಾ ಪತ್ರಿಕೆಯ ಹಾಳೆ ತಿರುಗಿಸಿಬಿಟ್ಟಿದ್ದಳು. “ಸಿಂಧನೂರು ಮುಗೀತಲ್ಲೇನೇ? ಮಸ್ಕಿ ಬರ್ಕೋ” ಅಂದಳು. ಮುಗಿಯಿತು ಎಂದು ನನಗೂ ಅನ್ನಿಸಿತು. ಸಿಂಧನೂರಿನ ಪಟ್ಟಿಯ ಕೆಳಗೆ ಗೆರೆ ಎಳೆದೆ.

ಒಂಬತ್ತೂವರೆ ಹೊತ್ತಿಗೆ ದಢೇಸುಗೂರು ಎಂಬ ಹಳ್ಳಿಯ ಅಂಚೆ ಕಚೇರಿಯ ಮುಚ್ಚಳ ಬಿತ್ತು. ಮಾತಾಡಿದವರು ದುರುಗಪ್ಪ ಎಂಬ ಕುರಿ ಕಾಯುವ ಮನುಷ್ಯ. ಫೋನು ಅದೇ ಮೊದಲು ಹಿಡಿದದ್ದಿರಬೇಕು. ಹೊಲದ ಆಚೆ ಇದ್ದವರನ್ನು ಕರೆಯುವ ಹಾಗೆ ಕೂಗುತ್ತಿದ್ದರು.

“ಅಕ್ಕೋರ, ನಮ್ ಹುಡುಗೀದು ನಂಬರ್ ನೋಡ್ರಿ. ಹುಲಿಗೆಮ್ಮ ಅಂತ. ನಮ್ಮ ವಂಶದಾಗ ಇಷ್ಟು ಓದಿದಾಕಿ ಅಕಿ ಒಬ್ಬಾಕಿನ. ಪಾಸಾದ್ರ ಸಿಂಧನೂರಾಗ ಹಾಸ್ಟೆಲ್‌ಗೆ ಹಾಕ್ತೀನಿ, ಕಾಲೇಜು ಓದ್ತಾಳ. ಇಲ್ಲಾಂದ್ರ ನಮ್ಮಕ್ಕನ ಮಗಗ ಕೊಡ್ತೀನಿ ಅಂತ ಮಾತು ಕೊಟ್ಟೀನ್ರೀ. ಅವರು ಇವತ್ತು ಹೊತ್ತು ಮುಳುಗೂದ್ರಾಗ ಎಲಿ ಅಡಿಕಿ ತಗೊಂಡು ಬರ್ತಾರ.”

ಅಂಚೆಯವರು ಚೀಟಿ ನೋಡಿ ನಂಬರ್ ಹೇಳಿದರು. ನಾನು ಬೆರಳಿಟ್ಟು ಸಾಲು ನೋಡಿದೆ. ಮೇಲಿನಿಂದ ಕೆಳಕ್ಕೆ ಒಂದು ಸಲ, ಅಷ್ಟೇ. ಆಚೆ ಇನ್ನೂ ನಾಲ್ಕು ಮುಚ್ಚಳ ಬಿದ್ದಿದ್ದವು.

“ನಂಬರ್ ಇಲ್ರೀ ಯಜಮಾನ್ರ” ಅಂದೆ.

“ಇಲ್ಲೇನ್ರೀ?”

“ಇಲ್ರೀ.”

ಅಷ್ಟು ಹೊತ್ತು ಕೂಗುತ್ತಿದ್ದವರು ಮೆಲ್ಲಗೆ, “ಆತು ಬಿಡ್ರಿ ತಾಯಿ” ಅಂದರು. ನಾನು ವೈರು ಕಿತ್ತು ಮುಂದಿನ ತೂತಿಗೆ ಸಿಕ್ಕಿಸಿದೆ.

ಮಧ್ಯಾಹ್ನದ ಬಸ್ಸಿಗೆ ಪತ್ರಿಕೆ ಬಂತು. ಊಟ ಮಾಡಿ ಕೈ ತೊಳೆದು, ಎಂದಿನ ಹಾಗೆ ತಾಳೆ ನೋಡಲು ಕೂತೆ. ಸಿಂಧನೂರಿನ ಪಟ್ಟಿಯ ಕೊನೆಯಲ್ಲಿ ನನ್ನ ಗೆರೆಯ ನಂತರವೂ ಪತ್ರಿಕೆಯಲ್ಲಿ ನಂಬರುಗಳಿದ್ದವು. ಹನ್ನೊಂದು ನಂಬರು. ಅವುಗಳಲ್ಲಿ ನನ್ನನ್ನು ಕೇಳಿದ್ದು ಇಬ್ಬರೇ. ಒಬ್ಬರು ಮಗನ ನಂಬರ್ ಕೇಳಿದ್ದ ಊರಿನ ಬಟ್ಟೆ ಅಂಗಡಿಯವರು. ತಕ್ಷಣ ಅವರಿಗೆ ಹೇಳಿದೆ.

“ಅಯ್ಯೋ ಅಕ್ಕೋರ, ಮುಂಜಾನಿ ಎರಡು ಬಾರಿಸೇ ಬಿಟ್ಟೀನಲ್ರೀ ಅವಗ! ಈಗ ಏನ್ ಮಾಡ್ಲಿ?”

“ಅಂಗಡ್ಯಾಗಿಂದ ಎರಡು ಅಂಗಿ ತಗದು ಕೊಡ್ರಿ” ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ನಂಬರ್ ದಢೇಸುಗೂರಿನ ಹುಲಿಗೆಮ್ಮನದು.

ದಢೇಸುಗೂರಿಗೆ ಗಂಟೆ ಹೊಡೆದೆ, ಮತ್ತೆ ಹೊಡೆದೆ. ಯಾರೂ ಎತ್ತಲಿಲ್ಲ. ಹಳ್ಳಿಯ ಅಂಚೆ ಕಚೇರಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿತ್ತು. ಊರಿಗೆ ಅದೊಂದೇ ಫೋನು. ಹೊತ್ತು ಮುಳುಗುವುದರೊಳಗೆ ಎಲೆ ಅಡಿಕೆ ಬಂದರೆ ಮಾತು ಮುಗಿದ ಹಾಗೆ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜನರಲ್ಲ ಅವರು. ಹುಡುಗಿ ಏನಾದರೂ ಮಾಡಿಕೊಂಡರೆ ಎಂಬುದು ಇನ್ನೊಂದು ಭಯ.

ಖಾದರ್ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿ ಅತ್ತುಬಿಟ್ಟೆ. ಆ ಹೊತ್ತು ಬೋರ್ಡಿಗೆ ನನ್ನ ಬಿಟ್ಟು ಬೇರೆ ಆಪರೇಟರ್ ಇರಲಿಲ್ಲ. ಬೋರ್ಡು ಬಿಟ್ಟು ಹೋಗುವುದು ನಮ್ಮಲ್ಲಿ ದೊಡ್ಡ ಅಪರಾಧ. ಅವರು ಬಯ್ಯುತ್ತಾರೆ ಎಂದುಕೊಂಡೆ. ಅವರು ಕಿವಿಯ ಹಿಂದಿನ ಪೆನ್ಸಿಲನ್ನು ಮೇಜಿನ ಮೇಲಿಟ್ಟು, ನನ್ನ ಕುರ್ಚಿಯಲ್ಲಿ ಕೂತು, ತಾವು ಎಷ್ಟೋ ವರ್ಷದಿಂದ ಹಾಕಿರದ ಹೆಡ್‌ಫೋನನ್ನು ತಲೆಗೆ ಸಿಕ್ಕಿಸಿಕೊಂಡರು.

“ಆ ಹಳ್ಳಿ ಮ್ಯಾಲಿಂದ ಹೋಗೋ ಸಿರುಗುಪ್ಪದ ಬಸ್ಸು ಇನ್ನಾ ನಿಂತೈತಿ, ಜಲ್ದಿ ನಡಿ. ಮೆಮೊ ನಾಳಿಗಿ ಕೊಡ್ತೀನಿ.”

ಮರುದಿನ ಕೊಟ್ಟರು ಕೂಡ. ಅನುಮತಿ ಇಲ್ಲದೆ ಬೋರ್ಡು ಬಿಟ್ಟಿದ್ದಕ್ಕೆ ಸಮಜಾಯಿಷಿ ನೀಡಬೇಕೆಂದು ಬರೆದಿತ್ತು. ಫಲಿತಾಂಶದ ವಿಷಯ ಒಂದಕ್ಷರ ಇರಲಿಲ್ಲ. ನನ್ನ ಉತ್ತರವನ್ನೂ ಅವರೇ ಹೇಳಿ ಬರೆಸಿದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ.

ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕೂತೆ. ಮೇ ತಿಂಗಳಲ್ಲಿ ಕಾಲುವೆಗೆ ನೀರು ಬಿಡುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಬಸ್ಸು ಕಾಲುವೆ ದಾಟುವಾಗ ಕಣ್ಣು ಮುಚ್ಚಿಕೊಂಡೆ. ದಢೇಸುಗೂರಿನಲ್ಲಿ ಇಳಿದು ಕುರಿ ದುರುಗಪ್ಪನವರ ಮನೆ ಎಲ್ಲಿ ಎಂದು ಕೇಳಿದೆ. ಮನೆಯಲ್ಲಿ ಸಿಗುವುದಿಲ್ಲ, ಬೆಳಗ್ಗೆಯಿಂದ ಅಲ್ಲೇ ಕೂತಿದ್ದಾರೆ ಎಂದು ಕೊಯ್ದ ಗದ್ದೆಯ ಆಚೆಗೆ ಕೈ ತೋರಿಸಿದರು. ಭತ್ತದ ಕೂಳೆಯಲ್ಲಿ ಕುರಿಗಳು ಮೇಯುತ್ತಿದ್ದವು. ಜಾಲಿ ಗಿಡದ ಕೆಳಗೆ, ನೆರಳು ಸರಿದು ಹೋದದ್ದೂ ಗಮನಕ್ಕೆ ಬಾರದೆ, ಬಿಸಿಲಿನಲ್ಲಿ ಒಬ್ಬರು ಕಂಬಳಿ ಹೊದ್ದು ಕೂತಿದ್ದರು.

“ಯಜಮಾನ್ರ, ನಾ ಸಿಂಧನೂರು ಫೋನಿನಾಕಿ.”

ಅವರು ತಲೆಯೆತ್ತಿದರು. “ಅಕ್ಕೋರೇನ್ರೀ? ಮುಂಜಾನಿ ಮಾತಾಡಿದವರು? ದನಿ ಕೇಳಿ ದೊಡ್ಡ ಮನಷ್ಯಾರು ಇರಬೇಕು ಅನ್ಕೊಂಡಿದ್ದೆ. ನೀವು ಇನ್ನಾ ಕೂಸು ಇದ್ದಂಗ ಅದೀರಲ್ರೀ.”

ನಾನು ಪತ್ರಿಕೆ ಬಿಚ್ಚಿ, ಅವರಿಗೆ ಓದು ಬರುವುದಿಲ್ಲವೆಂಬುದನ್ನೂ ಮರೆತು ಆ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದೆ. “ತಪ್ಪು ನಂದ್ರೀ. ನಾನು ಪೂರಾ ಬರಕೊಂಡಿದ್ದಿಲ್ಲ. ನಿಮ್ಮ ಹುಡುಗಿ ಪಾಸಾಗ್ಯಾಳ. ಇಲ್ಲೈತಿ ನೋಡ್ರಿ ನಂಬರ್. ಅಕಿಗೆ ಹೇಳಿ ಕಾಲು ಹಿಡ್ಕೋಬೇಕು ಅಂತ ಬಂದೀನಿ.”

ಅವರು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಂಬರನ್ನು ಬಹಳ ಹೊತ್ತು ನೋಡಿದರು.

“ಅಕಿಗೆ ನಾ ಇನ್ನಾ ಹೇಳೇ ಇಲ್ರೀ” ಅಂದರು.

ನನಗೆ ಅರ್ಥವಾಗಲಿಲ್ಲ.

“ನಸುಕಿನ್ಯಾಗ ತಲಿ ತೊಳಕೊಂಡು, ಹೊಸ ಲಂಗ ಉಟ್ಕೊಂಡು ಬಾಗಲಾಗ ಕುಂತಾಳ್ರೀ. ಮಾರಿ ನೋಡಿದ್ರ ಬಾಯೇ ಬರಲಿಲ್ಲ. ಲೈನ್ ಕೆಟ್ಟೈತಿ, ಸಂಜಿಗಿ ಗೊತ್ತಾಕ್ಕೈತಿ ಅಂತ ಸುಳ್ಳ ಹೇಳಿ ಇಲ್ಲಿ ಬಂದು ಕುಂತೀನಿ. ಅಂಚೆಯವರಿಗೂ ಆಣಿ ಹಾಕೀನಿ. ನಮ್ಮಕ್ಕ ಬರೋತನ ಆದ್ರೂ ಅಕಿ ಖುಷಿಲಿ ಇರಲಿ ಅಂತ.”

ಬೆಳಗ್ಗೆಯಿಂದ ಅವರು ಊಟ ಮಾಡಿರಲಿಲ್ಲ. ರೊಟ್ಟಿಯ ಗಂಟು ಪಕ್ಕದಲ್ಲಿ ಬಿಚ್ಚದೆ ಬಿದ್ದಿತ್ತು. ನಾನು ಮುಖಕ್ಕೆ ಸೆರಗು ಹಿಡಿದುಕೊಂಡೆ. ಅವರು ಎದ್ದು ಕಂಬಳಿ ಕೊಡವಿದರು.

“ಅಕ್ಕೋರ, ಒಂದು ಮಾತು ನಡಸ್ರಿ. ನೀವು ಇಲ್ಲ ಅಂದಿದ್ದು ಅಕಿಗೆ ಹೇಳಬ್ಯಾಡ್ರಿ. ಒಂದು ದಿನದ ಮಟ್ಟಿಗೆ ತಾ ನಪಾಸಾಗಿದ್ದೆ ಅಂತ ಅಕಿಗೆ ತಿಳಿಯೋದು ಬ್ಯಾಡ. ಆ ನಪಾಸು ನಂಗ ಹೇಳಿದ್ದು, ನನ್ನ ಹತ್ರಾನ ಇರಲಿ. ನಾ ಇರೋತನ ಹೇಳಬ್ಯಾಡ್ರಿ.”

ಹೇಳುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ.

ಮನೆಯ ಮುಂದೆ ಹಸಿರು ಲಂಗದ ಹುಡುಗಿ ಕೂತಿದ್ದಳು. ಅಪ್ಪನ ಜೊತೆ ಪತ್ರಿಕೆ ಹಿಡಿದು ಬರುತ್ತಿರುವ ನನ್ನನ್ನು ಕಂಡು ಎದ್ದು ನಿಂತಳು. “ನಿನ್ನ ನಂಬರ್ ಹೇಳವ್ವ” ಅಂದೆ. ಒಂದೇ ಉಸಿರಿಗೆ ಹೇಳಿದಳು. “ಐತಿ ನೋಡು, ಪಾಸಾಗಿ” ಅಂದೆ. ಅವಳು ಮೊದಲು ಅಪ್ಪನನ್ನು ನೋಡಿದಳು. ಆಮೇಲೆ ನನ್ನ ಕಾಲಿಗೆ ಬಿದ್ದಳು. “ಇದನ್ನ ಹೇಳಾಕ ಅಷ್ಟು ದೂರದಿಂದ ಬಂದ್ರೇನ್ರೀ ಅಕ್ಕೋರ? ಲೈನ್ ಕೆಟ್ಟೈತಿ ಅಂತ ನೀವೇ ಬಂದ್ರೇನು?” ಅಂದಳು. ಒಳಗೆ ಓಡಿ ಹೋಗಿ ಅಂಗೈ ತುಂಬ ಬೆಲ್ಲ ತಂದು, ನಾನು ಬೇಡವೆನ್ನುವಷ್ಟರಲ್ಲಿ ನನ್ನ ಬಾಯಿಗೆ ಹಾಕಿದಳು. ಕಾಲು ಹಿಡಿಯಲು ಹೋದವಳು ನಾನು. ದುರುಗಪ್ಪ ನನ್ನನ್ನೇ ನೋಡುತ್ತಿದ್ದರು. ನುಂಗಿದೆ.

ಹೊತ್ತು ಮುಳುಗುವ ಮುಂಚೆ ಅಕ್ಕನ ಮನೆಯವರು ಎತ್ತಿನ ಬಂಡಿಯಲ್ಲಿ ಬಂದರು. ಬಂಡಿ ನಿಲ್ಲುವ ಮೊದಲೇ ದುರುಗಪ್ಪ ಓಣಿಗೆಲ್ಲ ಕೇಳುವ ಹಾಗೆ, “ಅಕ್ಕಾ, ನಮ್ ಹುಲಿಗೆಮ್ಮ ಪಾಸಾಗ್ಯಾಳ! ಉಂಡು ಹೋಗ್ರಿ” ಎಂದು ಕೂಗಿದರು. ಅಕ್ಕನ ಮುಖ ಸ್ವಲ್ಪ ಸಣ್ಣಗಾಯಿತು, ಆದರೂ ಇಳಿದು ಬಂದು ಹುಡುಗಿಯ ಮುಖ ಸವರಿ ನೆಟಿಗೆ ಮುರಿದರು. ನಾನು ಬಸ್ಸಿಗೆ ನಡೆದೆ.

ಆಮೇಲೆಯೂ ಎಷ್ಟೋ ವರ್ಷ ನೋಟ್‌ಬುಕ್ ಇಟ್ಟುಕೊಂಡಿದ್ದೆ, ಜನ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಂಬರ್ ಇಲ್ಲ ಎಂದು ಮಾತ್ರ ಹೇಳಲಿಲ್ಲ. ನನಗೆ ಕಾಣಲಿಲ್ಲ, ಪತ್ರಿಕೆ ಬರುವ ತನಕ ತಡೆಯಿರಿ ಅನ್ನುತ್ತಿದ್ದೆ. ಹೊಸ ಮಕ್ಕಳೇ, ನಿಮ್ಮ ಮುಂದಿನ ಯಂತ್ರ ಏನೇ ಹೇಳಲಿ, ಆ ಕಡೆ ಒಬ್ಬ ಮನುಷ್ಯ ನಿಮ್ಮ ಉತ್ತರ ಕೇಳಿ ಎದ್ದು ಎಲ್ಲಿಗೋ ಹೋಗುತ್ತಾನೆ. ಅದನ್ನು ಮರೆಯಬೇಡಿ. ನನ್ನ ಉಪದೇಶ ಇಷ್ಟೇ.

ದುರುಗಪ್ಪ ಹೋದ ಬೇಸಿಗೆಯಲ್ಲಿ ತೀರಿಕೊಂಡರೆಂದು ಮೊನ್ನೆ ಸಂತೆಯಲ್ಲಿ ಸಿಕ್ಕ ಆ ಊರಿನವರು ಹೇಳಿದರು. ಅವರಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಹುಲಿಗೆಮ್ಮಾ, ನಿನ್ನ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ಆದರೂ ಇದು ನೀನೇ ಎಂದು ನಿನಗೆ ತಿಳಿಯುತ್ತದೆ. ನೀನು ಬೆಲ್ಲ ಹಾಕಿದ್ದು ನಿನ್ನನ್ನು ಬೆಳಗ್ಗೆಯಿಂದ ಸಂಜೆಯ ತನಕ ನಪಾಸು ಮಾಡಿದ್ದವಳ ಬಾಯಿಗೆ. ಸಾಧ್ಯವಾದರೆ ಕ್ಷಮಿಸು. ಅದನ್ನು ನಿನಗೆ ತಿಳಿಸದೆ, ಉಣ್ಣದೆ, ಇಡೀ ದಿನ ಬಿಸಿಲಿನಲ್ಲಿ ಒಬ್ಬನೇ ಹೊತ್ತು ಕೂತಿದ್ದವನು ನಿನ್ನಪ್ಪ. ಆ ದಿನ ಲೈನ್ ಕೆಟ್ಟಿರಲಿಲ್ಲ, ತಾಯಿ.